ಕಂಬಳಿಯ ಹೊರಗೆ

ನಮ್ಮ ಮನೆಯಲ್ಲಿ ರೇಷ್ಮೆ ಹುಳುವಿಗಿದ್ದ ಮರ್ಯಾದೆ ಮಕ್ಕಳಿಗೆ ಇರಲಿಲ್ಲ. ಹುಳು ಒಳಮನೆಯಲ್ಲಿ ಬೆಚ್ಚಗೆ ತಟ್ಟೆಗಳ ಮೇಲೆ ಇರುತ್ತಿತ್ತು, ನಾವು ಜಗಲಿಯಲ್ಲಿ ಚಾಪೆ ಹಾಸಿಕೊಂಡು ಮಲಗುತ್ತಿದ್ದೆವು. ಹುಳುವಿಗೆ ಜ್ವರ ಬಂದರೆ, ಅಂದರೆ ಪೊರೆ ಕಳಚುವುದಕ್ಕೆ ಮೇವು ಬಿಟ್ಟು ತಲೆಯೆತ್ತಿ ಕೂತರೆ, ಅಪ್ಪ ಕಾಲ ಸಪ್ಪಳವಾಗದ ಹಾಗೆ ಓಡಾಡುತ್ತಿದ್ದ. ನಮಗೆ ಜ್ವರ ಬಂದರೆ ಸೊಪ್ಪು ಕೊಯ್ಯುವುದನ್ನು ತಪ್ಪಿಸಿಕೊಳ್ಳುವ ನಾಟಕ ಅನ್ನುತ್ತಿದ್ದ. ಮಹಾರಾಜರ ಕಾಲ ಅದು. ಕ್ಲೋಸ್‌ಪೇಟೆಯಿಂದ ಮಾಗಡಿಗೆ ಹೋಗುವ ದಾರಿಯಲ್ಲಿ, ಬಂಡೆ ಬೆಟ್ಟಗಳ ನಡುವೆ ನಮ್ಮೂರು. ಈಗ ಕ್ಲೋಸ್‌ಪೇಟೆಯನ್ನು ರಾಮನಗರ ಅನ್ನುತ್ತಾರೆ, ನನ್ನ ಬಾಯಿಗೆ ಮಾತ್ರ ಇನ್ನೂ ಹಳೆಯ ಹೆಸರೇ ಬರುತ್ತದೆ.

ಅಪ್ಪ ಹೊಡೆಯುತ್ತಿದ್ದ. ಇದನ್ನು ಸುತ್ತಿ ಬಳಸಿ ಹೇಳುವ ತಾಳ್ಮೆ ನನಗಿಲ್ಲ. ಆ ಕಾಲದಲ್ಲಿ ಎಲ್ಲ ಅಪ್ಪಂದಿರೂ ಹೊಡೆಯುತ್ತಿದ್ದರು, ಅದು ಪ್ರೀತಿ, ಅದು ಶಿಸ್ತು ಎಂದು ಈಗಿನವರು ನನಗೆ ತಿಳಿಹೇಳಲು ಬರುತ್ತಾರೆ. ಎಲ್ಲರೂ ಹೊಡೆಯುತ್ತಿದ್ದರು, ನಿಜ. ಆದರೆ ಹೊಡೆದು ಮುಗಿಸಿದ ಮೇಲೆ ಅವರಿಗೆ ಸಾಕಾಗುತ್ತಿತ್ತು. ನಮ್ಮಪ್ಪನಿಗೆ ಹೊಡೆಯುತ್ತ ಹೊಡೆಯುತ್ತ ಹುರುಪು ಏರುತ್ತಿತ್ತು. ಕೈಗೆ ಸಿಕ್ಕಿದ್ದು ಬಾರುಕೋಲಾದರೆ ಬಾರುಕೋಲು, ಸೌದೆಯಾದರೆ ಸೌದೆ. ಅವ್ವನಿಗೂ ಬೀಳುತ್ತಿತ್ತು, ನನಗೂ ಬೀಳುತ್ತಿತ್ತು. ಹೆಚ್ಚು ಬೀಳುತ್ತಿದ್ದುದು ತಮ್ಮನಿಗೆ. ಅವನಿಗೆ ಆಗ ಇನ್ನೂ ನಾಲ್ಕು ವರ್ಷ ತುಂಬಿತ್ತೋ ಇಲ್ಲವೋ. ಒಂದು ಬೆಳಗ್ಗೆ ಇರುವೆ ಹತ್ತದಿರಲೆಂದು ತಟ್ಟೆ ಜೋಡಿಸುವ ಅಟ್ಟಣೆಯ ಕಾಲಿಗೆ ಇಟ್ಟಿದ್ದ ನೀರಿನ ಬಟ್ಟಲನ್ನು ಅವನು ಆಟಕ್ಕೆಂದು ಎತ್ತಿಕೊಂಡು ಬಂದಿದ್ದ. ಇರುವೆ ಹತ್ತಿ ಒಂದು ತಟ್ಟೆಯ ಹುಳು ಹೋಯಿತು. ಅಪ್ಪ ಅವನ ಕೈಯನ್ನು ಹೊಸ್ತಿಲ ಮೇಲಿಟ್ಟು ಹಿಮ್ಮಡಿಯಿಂದ ತುಳಿದ. ಮೂಳೆ ಮುರಿದ ಸದ್ದು ನಾನು ಕೇಳಿದೆ. ನಾಟಿ ವೈದ್ಯರು ಬಿದಿರ ದಬ್ಬೆ ಕಟ್ಟಿದರು. ಬಿದ್ದುಬಿಟ್ಟ ಎಂದು ಅವರಿಗೆ ಹೇಳಿದ್ದೆವು.

ಆ ದಿನ ಅವ್ವ ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯುತ್ತ ನನ್ನ ಕಡೆ ತಿರುಗದೆಯೇ ಹೇಳಿದಳು: "ಇವ್ನು ಒಂದಿನ ನನ್ ಮಗನ್ನ ಸಾಯ್ಸ್ತಾನೆ ಕಣಮ್ಮಿ. ಸಾಯ್ಸಬೇಕು ಅಂತ ಸಾಯ್ಸಕಿಲ್ಲ. ಒಡೀತಾ ಒಡೀತಾ ಮರ್ತೋಯ್ತಾನೆ."

ಅಲ್ಲಿಂದ ಮುಂದೆ ನಮ್ಮಿಬ್ಬರಿಗೂ ಒಂದೇ ಕೆಲಸ, ತಮ್ಮನನ್ನು ಅಪ್ಪನ ಕಣ್ಣಿಗೆ ಬೀಳದ ಹಾಗೆ ನೋಡಿಕೊಳ್ಳುವುದು. ಅವನೋ, ಒಂದು ಕಡೆ ನಿಲ್ಲುವ ಹುಡುಗನಲ್ಲ. ಏಟಿನ ನೋವು ಮರೆತ ತಕ್ಷಣ ಅಪ್ಪನ ಬೆನ್ನಿಗೇ ಹೋಗಿ ಜೋತುಬೀಳುತ್ತಿದ್ದ. ಅದನ್ನು ನೋಡಿದರೆ ನನಗೆ ಮೈ ಉರಿಯುತ್ತಿತ್ತು.

ಹುಳು ಮನೆಯಲ್ಲಿರುವಷ್ಟು ದಿನ ಒಲೆಯ ಮೇಲೆ ಒಗ್ಗರಣೆ ಹಾಕುವಂತಿರಲಿಲ್ಲ. ಮೆಣಸಿನಕಾಯಿ ಘಾಟು, ಇಂಗಿನ ವಾಸನೆ, ಬೆಳ್ಳುಳ್ಳಿ, ಹೊಗೆಸೊಪ್ಪು, ಯಾವುದೂ ಹುಳುವಿಗೆ ಆಗುವುದಿಲ್ಲ, ವಾಂತಿ ಮಾಡಿಕೊಂಡು ಸಾಯುತ್ತದೆ ಎಂದು ನಮ್ಮ ಕಡೆ ಎಲ್ಲರೂ ನಂಬಿದ್ದರು. ಹಾಗಾಗಿ ಒಂದು ಬೆಳೆ ಮುಗಿಯುವವರೆಗೆ ಸಪ್ಪೆ ಸೊಪ್ಪಿನ ನೀರು, ರಾಗಿ ಮುದ್ದೆ. ಹುಳು ಹಣ್ಣಾಗಿ, ಚಂದ್ರಿಕೆ ಅನ್ನುವ ಬಿದಿರಿನ ತಟ್ಟಿಯ ಮೇಲೆ ಬಿಟ್ಟು, ಗೂಡು ಕಟ್ಟಿ, ಆ ಗೂಡು ಕ್ಲೋಸ್‌ಪೇಟೆಗೆ ಹೋದ ಮೇಲೆ ಒಂದು ದಿನ ಮನೆಮಂದಿಯೆಲ್ಲ ಗಾಡಿ ಕಟ್ಟಿಕೊಂಡು ಬೆಟ್ಟದ ಬುಡದ ಮುನಿಯಪ್ಪ ದೇವರ ಹತ್ತಿರ ಹೋಗುತ್ತಿದ್ದೆವು. ಕೋಳಿ ಕೊಯ್ದು, ಅಲ್ಲೇ ಒಲೆ ಹೂಡಿ, ಇಷ್ಟು ದಿನ ಕಟ್ಟಿಕೊಂಡಿದ್ದ ನಾಲಿಗೆಯ ಆಸೆಯನ್ನೆಲ್ಲ ತೀರಿಸಿಕೊಂಡು ಬರುವುದು. ಮಕ್ಕಳಿಗೆ ವರ್ಷದಲ್ಲಿ ಬೇರೆ ಪ್ರವಾಸವೇ ಇರಲಿಲ್ಲ. ಹಿಂದಿನ ದಿನದಿಂದಲೇ ನಾನು ಒಣಮೆಣಸಿನಕಾಯಿಯ ಬುಟ್ಟಿಗೆ ಮೂಗಿಟ್ಟು ನೋಡುತ್ತಿದ್ದೆ.

ಆ ಸಲ ಮುನಿಯಪ್ಪನಿಗೆ ಬಿಟ್ಟಿದ್ದ ಹುಂಜ ತಮ್ಮ ಸಾಕಿದ್ದು. ಮರಿಯಿದ್ದಾಗಿನಿಂದ ತನ್ನ ಮುದ್ದೆಯಲ್ಲಿ ಚಿವುಟಿ ಹಾಕಿ ಬೆಳೆಸಿದ್ದ. ಗಾಡಿಯಲ್ಲಿ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದ. ಅದನ್ನು ಕೊಯ್ಯುತ್ತಾರೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾಗಿತ್ತು. ಅಪ್ಪ ಅಂದು ಬಹಳ ಖುಷಿಯಾಗಿದ್ದ. ಎತ್ತುಗಳ ಬಾಲ ತಿರುಚಿ ಓಡಿಸುತ್ತ, ಹಿಂದೆ ತಿರುಗಿ, ಅವ್ವನ ಮಡಿಲಲ್ಲಿದ್ದ ನಮ್ಮ ಕೊನೆಯ ಕೂಸಿಗೆ ಹುಬ್ಬು ಹಾರಿಸಿ ನಗಿಸುತ್ತಿದ್ದ. ಅವನು ಖುಷಿಯಾಗಿದ್ದರೆ ನನಗೆ ಇನ್ನೂ ಭಯ. ಆ ಖುಷಿಯನ್ನು ಯಾರು ಕೆಡಿಸುತ್ತಾರೋ ಅವರ ಕತೆ ಮುಗಿದ ಹಾಗೆ.

ಪ್ರತಿ ಸಲ ಹಳ್ಳದ ಪಕ್ಕದ ಹುಣಸೆಮರದ ಕೆಳಗೆ ಅಡುಗೆ ಮಾಡುತ್ತಿದ್ದೆವು. ಅಂದು ಬಿಸಿಲು ಜಾಸ್ತಿ, ಬಂಡೆಯ ನೆರಳು ತಣ್ಣಗಿದೆ ಎಂದು ಅಪ್ಪ ಗಾಡಿಯನ್ನು ಬಂಡೆಯ ಬುಡಕ್ಕೇ ಹೊಡೆದ. ಅವ್ವ ಕೂಸನ್ನು ಕಂಬಳಿಯ ಮೇಲೆ ಮಲಗಿಸಿ ತಲೆಯೆತ್ತಿ ನೋಡಿದಳು. ಬಂಡೆಯ ಹಣೆಯಲ್ಲಿ ಸಾಲಾಗಿ ಹೆಜ್ಜೇನು ಕಟ್ಟಿದ್ದವು. ಒಂದೊಂದೂ ಮೊರದಗಲ ಇತ್ತು.

"ಮ್ಯಾಲೆ ಜೇನು ಐತೆ ಕಣಿ," ಅಂದಳು. "ಅತ್ಲಾಗೆ ಮರದ ತಾವೇ ಒಲೆ ಹೂಡನ. ಇಲ್ಲಿ ವಗೆ ಸೀದಾ ಮ್ಯಾಕೋಯ್ತದೆ."

ಅಪ್ಪ ಅವಳ ಕೆನ್ನೆಗೆ ಒಂದು ಬಿಟ್ಟ. ಜೋರಾಗೇನೂ ಅಲ್ಲ, ಮಾತಿಗೆ ಉತ್ತರ ಕೊಟ್ಟ ಹಾಗೆ. "ದ್ಯಾವ್ರ ಮುಂದೆ ಜೇನು ಏನ್ ಮಾಡ್ತದಮ್ಮಿ? ನಿಂಗೆ ಎಲ್ಲಾದ್ರಲ್ಲೂ ಒಂದು ಕೊಂಕು."

ಅಷ್ಟರಲ್ಲಿ ತಮ್ಮನಿಗೆ ವಿಷಯ ಅರ್ಥವಾಗಿತ್ತು. ಅಪ್ಪ ಮುನಿಯಪ್ಪನ ಕಲ್ಲಿನ ಮುಂದೆ ಕುಳಿತು ಚೂರಿ ಮಸೆಯುವುದನ್ನು ನೋಡಿದನೋ ಏನೋ, ಹುಂಜದ ಕಾಲಿನ ದಾರ ಬಿಚ್ಚಿಬಿಟ್ಟ. ಅದು ರೆಕ್ಕೆ ಬಡಿದುಕೊಂಡು ಲಂಟಾನದ ಪೊದೆಗೆ ನುಗ್ಗಿತು. ತಮ್ಮ ಕೈ ತಟ್ಟಿ ನಕ್ಕ.

ಅಪ್ಪ ಎದ್ದು ಬಾರುಕೋಲು ತೆಗೆದುಕೊಂಡ. "ಬಾರ್ಲಾ ಇಲ್ಲಿ," ಅಂದ. ಹುಡುಗ ಹೋದ. ಕರೆದರೆ ಹೋಗುವುದೇ ಅವನ ಬುದ್ಧಿ. ಮೊದಲ ಏಟಿಗೆ ಅಂಗಿ ಹರಿಯಿತು, ಆಮೇಲಿನವು ಬರೀ ಚರ್ಮದ ಮೇಲೆ ಬಿದ್ದವು. ಬೆನ್ನು, ತೊಡೆ, ಮೂಳೆ ಮುರಿದು ಸೊಟ್ಟಗೆ ಕೂಡಿದ್ದ ಆ ಕೈ. ಅವ್ವ ಮಧ್ಯೆ ಹೋಗಿ ನಿಂತಳು, ಅವಳ ಹೊಟ್ಟೆಗೆ ಒದ್ದ. ನಾನು ಅವನ ಕಾಲು ತಬ್ಬಿಕೊಂಡೆ, ಜಾಡಿಸಿದ ರಭಸಕ್ಕೆ ಹೋಗಿ ಗಾಡಿಯ ಚಕ್ರಕ್ಕೆ ಬಿದ್ದೆ. ಹುಡುಗ ಅಳುವುದನ್ನೂ ನಿಲ್ಲಿಸಿದ್ದ. ಅಪ್ಪ ಎತ್ತಿನ ಹಗ್ಗ ತಂದು ಅವನನ್ನು ಸ್ವಲ್ಪ ದೂರದ ಬೇವಿನ ಸಸಿಗೆ ಕಟ್ಟಿದ. "ದ್ಯಾವ್ರಿಗೆ ಬುಟ್ಟಿದ್ದನ್ನ ಓಡಿಸ್ದಲ್ಲಾ. ನಾವು ಉಂಡು ಎದ್ದೇಳೋಗಂಟ ಅಲ್ಲೇ ಇರು. ಬಿಚ್ಚಿದೋರ ಕೈ ಕಡೀತೀನಿ."

ಆಮೇಲೆ ಪೊದೆಯಿಂದ ಹುಂಜವನ್ನು ಹಿಡಿದು ತಂದ, ಕೊಯ್ದ, ಕುತ್ತಿಗೆ ಹಿಡಿದು ಕಲ್ಲಿಗೆ ರಕ್ತ ಚಿಮ್ಮಿಸಿದ, ಕೈ ಮುಗಿದ. ಕೈ ಮುಗಿದಾಗ ಕಣ್ಣು ಮುಚ್ಚಿಕೊಂಡಿದ್ದ. ನಾನು ಆ ದೇವರಿಗೆ ಅಂದಿನಿಂದ ಕೈ ಮುಗಿದಿಲ್ಲ.

ಅವ್ವ ಒಲೆ ಹೂಡಿದಳು. ಪುಕ್ಕ ಸುಟ್ಟ ಕಮಟು ಹೊಗೆ ಬಂಡೆಯನ್ನು ಹಿಡಿದುಕೊಂಡು ನೇರ ಮೇಲೇರಿತು. ಸಾರು ಕುದಿಯುವವರೆಗೂ ಅವಳ ಕಣ್ಣು ಒಲೆಯ ಮೇಲಿರಲಿಲ್ಲ, ಬೇವಿನ ಸಸಿಯ ಮೇಲಿತ್ತು. ಅಪ್ಪ ಕುಕ್ಕರಗಾಲಲ್ಲಿ ಒಲೆಯ ಮುಂದೆ ಕೂತು ಮೂಗರಳಿಸುತ್ತಿದ್ದ. ಒಗ್ಗರಣೆಯ ಕಬ್ಬಿಣದ ಸೌಟು ಕೆಂಡದ ಮೇಲೆ ಕಾಯುತ್ತಿತ್ತು. "ಸಪ್ಪೆ ತಿಂದೂ ತಿಂದೂ ನಾಲ್ಗೆ ಸತ್ತೋಗದೆ. ಮೆಣಸಿನ್ಕಾಯಿ ಇನ್ನೊಂದಿಡಿ ಆಕು," ಅಂದ. ಅವಳು ಹಾಕಿದಳು. ತಾನೂ ಒಂದು ಹಿಡಿ ಕೆಂಡಕ್ಕೇ ಎರಚಿ, ಕೆಮ್ಮುತ್ತ ನಕ್ಕ. ಮನೆಯಲ್ಲಿ ಹುಳುವಿಗೆ ತಾಗದಿರಲಿ ಎಂದು ಒಂದು ಎಸಳು ಬೆಳ್ಳುಳ್ಳಿ ಜಜ್ಜಲು ಬಿಡದಿದ್ದವನು ಆ ಘಾಟನ್ನೆಲ್ಲ ಹೆಜ್ಜೇನಿನ ಹೊಟ್ಟೆಗೆ ಕಳಿಸಿದ.

ಮೊದಲು ಮಳೆ ಬರುವ ಸದ್ದು ಅಂದುಕೊಂಡೆ. ಬಂಡೆಯ ಮೇಲಿನ ಒಂದು ಕಪ್ಪು ತುಂಡು ಕಳಚಿ ಕೆಳಗೆ ಬಿದ್ದ ಹಾಗಾಯಿತು, ಅರ್ಧ ದಾರಿಯಲ್ಲಿ ಅದು ಹರಡಿಕೊಂಡಿತು. ಎತ್ತುಗಳು ಹೂಂಕರಿಸಿದವು. ಒಂದು ಹಗ್ಗ ಕಿತ್ತುಕೊಂಡು ಊರ ಕಡೆ ಓಡಿತು. ಇನ್ನೊಂದು ಚಕ್ರಕ್ಕೆ ಬಿಗಿಯಾಗಿ ಕಟ್ಟಿದ್ದು. ಅದು ಗಾಡಿಯನ್ನೇ ಎಳೆದಾಡಿ, ಮುಗ್ಗರಿಸಿ, ಅಲ್ಲೇ ಒದ್ದಾಡಿಕೊಂಡು ಸತ್ತಿತು. ಅದರ ಮೂಗಿನ ಹೊಳ್ಳೆಗಳಲ್ಲಿ ಜೇನು ತುಂಬಿತ್ತು.

ಅಪ್ಪ ಮಾಡಿದ್ದನ್ನು ನಾನು ಕಣ್ಣಾರೆ ಕಂಡೆ. ಕೂಸು ಕಂಬಳಿಯ ಮೇಲೆ ನಿದ್ದೆ ಮಾಡುತ್ತಿತ್ತು. ಅವನು ಕಂಬಳಿಯ ಅಂಚು ಹಿಡಿದು ಎಳೆದ. ಕೂಸು ಉರುಳಿ ಕಲ್ಲಿನ ಮೇಲೆ ಬಿತ್ತು. ಅವನು ಕಂಬಳಿಯನ್ನು ತಲೆಯಿಂದ ಕಾಲಿನವರೆಗೆ ಸುತ್ತಿಕೊಂಡು ಬಂಡೆಗೆ ಒತ್ತಿ ಕೂತ. ಒಂದು ಕೈ ಮಾತ್ರ ಹೊರಗೆ, ಅಂಚನ್ನು ಬಿಗಿ ಹಿಡಿದಿತ್ತು.

ಅವ್ವನ ಕೈಯಲ್ಲಿ ಒಗ್ಗರಣೆಯ ಸೌಟಿತ್ತು. ಕಾದ ಎಣ್ಣೆಯನ್ನು ಆ ಕೈಯ ಮೇಲೆ ಸುರಿದಳು. ಎಸೆಯಲಿಲ್ಲ, ಚೆಲ್ಲಲಿಲ್ಲ. ಅನ್ನಕ್ಕೆ ಸಾರು ಬಿಡುವ ಹಾಗೆ ಬಗ್ಗಿ ಸುರಿದಳು. ಅವನು ಚೀರಿ ಕೈ ಬಿಟ್ಟ. ಸೌಟನ್ನು ತಿರುಗಿಸಿ ಅವನ ತಲೆಗೆ ಒಂದು, ಭುಜಕ್ಕೆ ಒಂದು ಇಟ್ಟು ಕಂಬಳಿ ಕಿತ್ತುಕೊಂಡಳು. ಕೂಸನ್ನು ನನ್ನ ಎದೆಗೆ ತಳ್ಳಿ, ನಮ್ಮಿಬ್ಬರ ಮೇಲೆ ಅದನ್ನು ಎಸೆದು, ಹುಂಜ ಕೊಯ್ದ ಚೂರಿ ಎತ್ತಿಕೊಂಡು ಬೇವಿನ ಸಸಿಯ ಕಡೆ ಓಡಿದಳು.

ಕಂಬಳಿಯ ಸಂದಿಯಿಂದ ನೋಡಿದೆ. ತಮ್ಮನ ಮುಖ ಕಾಣುತ್ತಿರಲಿಲ್ಲ, ಅದರ ಮೇಲೆಲ್ಲ ಜೇನೇ ಇತ್ತು. ಅವ್ವ ಹಗ್ಗ ಕೊಯ್ಯುತ್ತಿದ್ದಳು, ಅವಳ ತೋಳು ಬೆನ್ನು ಕಪ್ಪಾಗಿದ್ದವು. ಹಗ್ಗ ಗಟ್ಟಿಯಿತ್ತು. ಅಪ್ಪ ಕಟ್ಟಿದ ಗಂಟು ಯಾವತ್ತೂ ಗಟ್ಟಿ. ಅವಳು ಒಂದು ಸಲವೂ ಕೈ ಬೀಸಿ ಜೇನನ್ನು ಓಡಿಸಲು ನೋಡಲಿಲ್ಲ, ಕೊಯ್ಯುತ್ತಲೇ ಇದ್ದಳು. ಕೊನೆಗೆ ಹುಡುಗನನ್ನು ಸೀರೆಯೊಳಗೆ ಮುಚ್ಚಿಕೊಂಡು ಓಡಿ ಬಂದು ಒಳಗೆ ತೂರಿದಳು. ತಮ್ಮ ಎಚ್ಚರ ತಪ್ಪಿದ್ದ. ಒಳಗೂ ಒಂದಷ್ಟು ಜೇನು ನುಗ್ಗಿದ್ದವು, ಅವನ್ನು ಅಂಗೈಯಲ್ಲಿ ಹೊಸಕಿ ಕೊಂದೆವು.

ಆಮೇಲೆ ಅಪ್ಪ ಬಂದ. ಹಳ್ಳದ ಕಡೆ ಓಡಿ, ನೀರು ಬತ್ತಿದ್ದು ಕಂಡು ತಿರುಗಿ ಬಂದಿರಬೇಕು. ಕಂಬಳಿಯ ಮೇಲೆ ಬಿದ್ದು ಬಡಿದ.

"ಒಸಿ ಜಾಗ ಬುಡಮ್ಮಿ. ತಲೆ ಒಂದ್ ಒಳೀಕೆ ಇಟ್ಕತೀನಿ. ಸಾಯ್ತೀನಿ ಕಣಮ್ಮಿ, ಜಾಗ ಬುಡು."

ಅವ್ವ ಅಂಚನ್ನು ಮಂಡಿಯ ಕೆಳಗೆ ಹಾಕಿಕೊಂಡು ಕೂತಳು. ನನಗೆ "ಆ ಕಡೆ ಇಡ್ಕೊ," ಅಂದಳು. ನಾನು ಹಿಡಿದುಕೊಂಡೆ. ಅವನ ಬೆರಳುಗಳು ನನ್ನ ಕಡೆಯಿಂದ ಒಳಗೆ ಬಂದವು, ಊದಿ ದಪ್ಪಗಾಗಿದ್ದವು. ನಾನು ಕಚ್ಚಿದೆ. ಹಲ್ಲಿಗೆ ಮೂಳೆ ಸಿಗುವವರೆಗೆ ಕಚ್ಚಿದೆ. ಬೆರಳು ಹೊರಗೆ ಹೋದವು. ಅದು ತಪ್ಪು ಎಂದು ನನಗೆ ಅಂದೂ ಅನ್ನಿಸಲಿಲ್ಲ, ಇಂದೂ ಅನ್ನಿಸುವುದಿಲ್ಲ. ಹೊರಗೆ ಅವನು ಅರಚುತ್ತಿದ್ದರೆ ನನಗೆ ಸಂತೋಷವಾಗುತ್ತಿತ್ತು. ಇನ್ನೂ ಅರಚಲಿ ಎಂದು ಬೇಡಿಕೊಂಡೆ. ನಾಲ್ಕು ಜನ ಕೂತಿದ್ದ ಆ ಕಂಬಳಿಯೊಳಗೆ ಐದನೆಯವನಿಗೆ ಜಾಗ ಇತ್ತು, ಅದೂ ಸತ್ಯ.

ಒಂಟಿ ಎತ್ತು ಊರಿಗೆ ಬಂದದ್ದನ್ನು ಕಂಡು ಪಟೇಲರು ಜನ ಕರೆದುಕೊಂಡು ಹುಡುಕಿ ಬಂದರು. ಅಷ್ಟು ಹೊತ್ತಿಗೆ ಜೇನು ಮೇಲೆ ಹೋಗಿತ್ತು. ಅಪ್ಪ ಮುನಿಯಪ್ಪನ ಕಲ್ಲಿನ ಪಕ್ಕದಲ್ಲಿ ಅಂಗಾತ ಬಿದ್ದಿದ್ದ. ಕಣ್ಣು, ಬಾಯಿ, ಮೂಗು ಯಾವುದು ಎಲ್ಲಿದೆ ಎಂದು ತಿಳಿಯುತ್ತಿರಲಿಲ್ಲ. ಉಸಿರಿತ್ತು. ಪಟೇಲರು ಅವ್ವನನ್ನು ಕೇಳಿದರು, "ಏನವ್ವಾ ಇದು? ಕಂಬ್ಳಿ ಇತ್ತಲ್ಲ, ಇವನ್ಯಾಕೆ ಆಚೆಗುಳ್ಕಂಡ?"

ನಾನು ಬಾಯಿ ತೆರೆದೆ. ಅವ್ವ ನನ್ನ ತೋಳಿನ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ತಿರುಚಿದಳು.

"ಕಂಬ್ಳಿ ಮಕ್ಳಿಗೆ ಒದ್ಸುದ್ರು," ಅಂದಳು. "ಮಕ್ಳನ್ನ ಇಡ್ಕೊ ಅಂತ ನನ್ನ ಒಳೀಕೆ ತಳ್ಳುದ್ರು. ಮಕ್ಳು ಉಳ್ಕಂಡ್ರೆ ಸಾಕು ಅಂದ್ರು. ಕೈ ಮ್ಯಾಲೆ ಸಾರು ಚೆಲ್ಕಂಡ್ರೂ ಬುಡ್ನಿಲ್ಲ." ಅವಳ ತುಟಿ ಊದಿತ್ತು, ಮಾತು ಬಿಡಿಬಿಡಿಯಾಗಿ ಬಂತು. ಪಟೇಲರು ಹೆಗಲ ಮೇಲಿನ ವಲ್ಲಿಯಿಂದ ಕಣ್ಣೊರೆಸಿಕೊಂಡರು.

ತಮ್ಮನಿಗೆ ಎರಡು ದಿನದ ಮೇಲೆ ಎಚ್ಚರವಾಯಿತು. ಊರೆಲ್ಲ ಅಪ್ಪನನ್ನು ನೋಡಲು ಬಂತು. ತುಂಬೆ ರಸ ತಂದರು, ಸುಣ್ಣ ತಂದರು, ಎಳನೀರು ತಂದರು. ಚನ್ನಪಟ್ಟಣದಿಂದ ನೆಂಟರು ಬಂದು ಅವನ ಕಾಲು ಮುಟ್ಟಿದರು. ಅವನ ಕಣ್ಣು ಬಿಡಲು ಬಹಳ ದಿನ ಬೇಕಾಯಿತು. ಬಿಟ್ಟ ಮೇಲೆ ಸುಮ್ಮನೆ ಅವ್ವನನ್ನು ನೋಡುತ್ತಿದ್ದ, ಬಂದವರ ಮಾತಿಗೆ ಹೂಂ ಅನ್ನುತ್ತಿರಲಿಲ್ಲ, ಇಲ್ಲ ಅನ್ನುತ್ತಲೂ ಇರಲಿಲ್ಲ. ಆಮೇಲೆ ಹೂಂ ಅನ್ನತೊಡಗಿದ. ಒಂದು ದಿನ ತಾನೇ ಹೇಳತೊಡಗಿದ: "ನಂಗೇನಾದ್ರೂ ಚಿಂತಿಲ್ಲ, ಮಕ್ಳು..." ನಾನು ಅಲ್ಲಿಂದೆದ್ದು ಹೋದೆ.

ಯಾಕೆ ಸುಳ್ಳು ಹೇಳಿದೆ ಎಂದು ತೋಟದಲ್ಲಿ ಅವ್ವನನ್ನು ಹಿಡಿದು ಕೇಳಿದೆ. ಅವಳ ಮೇಲೂ ಸಿಟ್ಟು ಬಂದಿತ್ತು. ಅವಳು ಸೊಪ್ಪಿನ ಕುಕ್ಕೆ ಕೆಳಗಿಟ್ಟು ಹೇಳಿದಳು, "ದಿಟ ಯೇಳಿದ್ರೆ ಏನ್ ಆಯ್ತಿತ್ತು? ಗಂಡನ್ನ ಸುಟ್ಟು ಜೇನಿಗೆ ಕೊಟ್ಟೋಳು ಅಂತ ನನ್ನ ಊರ್ ಬುಡಿಸ್ತಿದ್ರು. ನೀವು ಮೂರು ಜನ ಇವನ ಕೈಯಾಗೆ ಉಳ್ಕತಿದ್ರಿ. ಈಗ ನೋಡು. ಮಕ್ಳಿಗೆ ಪ್ರಾಣ ಕೊಡಕೋದೋನು ಅಂತ ಊರೇ ಯೇಳ್ತದೆ. ಇನ್ನು ಊರ ಮುಂದೆ ಎಂಗೆ ಒಡೀತಾನೆ?"

ಅವಳ ಲೆಕ್ಕ ತಪ್ಪಲಿಲ್ಲ. ಅಪ್ಪ ಓಡಾಡುವ ಹಾಗಾದ ಮೇಲೆ ಒಂದು ಸಂಜೆ ತಮ್ಮ ಮತ್ತೆ ಏನೋ ಒಡೆದು ಹಾಕಿದ. ಅಪ್ಪನ ಕೈ ಮೇಲೆದ್ದಿತು. ಜಗಲಿಯಲ್ಲಿ ಪಟೇಲರು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. "ಏನ್ಲಾ, ಜೇನಿನ ಬಾಯಿಂದ ಬುಡಿಸ್ಕಂಡು ಬಂದಿರೋ ಮಗ ಕಣ್ಲಾ," ಎಂದು ನಕ್ಕರು. ಅವ್ವ ಬಾಗಿಲಲ್ಲಿ ನಿಂತಿದ್ದಳು. "ಊಂ ಕಣಿ, ಆವತ್ತು ಬೆಟ್ದಾಗೆ ಏನಾಯ್ತು ಅಂತ ಪಟೇಲರಿಗೆ ಇನ್ನೊಂದ್ಸಲ ಬುಡಿಸಿ ಯೇಳ್ಲಾ?" ಎಂದು ಅಪ್ಪನನ್ನು ಕೇಳಿದಳು. ಕೈ ಕೆಳಗಿಳಿಯಿತು. ಹಾಗೇ ಇಳಿದು ಹುಡುಗನ ತಲೆ ಸವರಿತು. ಅಂದಿನಿಂದ ಅವನು ಮಕ್ಕಳನ್ನು ಹೊಡೆಯಲಿಲ್ಲ. ಹೆಂಡತಿಗಾಗಿ ಪ್ರಾಣ ಕೊಡಲು ಹೋದವನು ಎಂದು ಮಾತ್ರ ಯಾರೂ ಹೇಳಿರಲಿಲ್ಲವಲ್ಲ, ಅವಳಿಗೆ ಬೀಳುವುದು ನಿಲ್ಲಲಿಲ್ಲ. ಬಾಗಿಲು ಹಾಕಿಕೊಂಡು ಹೊಡೆಯುತ್ತಿದ್ದ. ನಮಗೆ ಬೀಳುತ್ತಿದ್ದುದೆಲ್ಲ ಸೇರಿಸಿ ಅವಳಿಗೇ ಬೀಳುತ್ತಿತ್ತು ಎಂದು ನನಗೆ ಅನ್ನಿಸುತ್ತದೆ. ಅವಳು ಸದ್ದು ಮಾಡುತ್ತಿರಲಿಲ್ಲ. ಮರುದಿನ ಮುಖಕ್ಕೆ ಸೆರಗು ಮುಚ್ಚಿಕೊಂಡು ತೋಟಕ್ಕೆ ಬರುತ್ತಿದ್ದಳು.

ಅಪ್ಪ ಹಣ್ಣು ಹಣ್ಣು ಮುದುಕನಾಗಿ, ಎಲ್ಲರ ಗೌರವ ಪಡೆದುಕೊಂಡು, ಹಾಸಿಗೆಯಲ್ಲೇ ಸತ್ತ. ವರ್ಷ ತುಂಬಿದ ಮೇಲೆ ತಮ್ಮ ತನ್ನ ಹೆಂಡತಿ, ಚಿಕ್ಕ ಮಕ್ಕಳನ್ನು ಗಾಡಿಯಲ್ಲಿ ಕೂರಿಸಿಕೊಂಡು ಅದೇ ಬೆಟ್ಟಕ್ಕೆ ಹೊರಟ. ಅವ್ವನನ್ನೂ ನನ್ನನ್ನೂ ಕರೆದ. ನಾನು ಒಲ್ಲೆ ಅಂದೆ, ಅವ್ವ ಹೊರಟಳು, ಅವಳಿಗಾಗಿ ನಾನೂ ಹೋದೆ. ತಮ್ಮ ತನ್ನ ಮಕ್ಕಳ ಮೇಲೆ ಒಂದು ದಿನವೂ ಕೈ ಎತ್ತಿದವನಲ್ಲ. ಆ ಮಕ್ಕಳು ಅವನ ಹೆಗಲು, ಕುತ್ತಿಗೆ, ತಲೆ ಎಲ್ಲವನ್ನೂ ಏರಿ ಕೂರುತ್ತಿದ್ದವು. ಹುಣಸೆಮರದ ಕೆಳಗೆ ಊಟ ಮಾಡಿದೆವು. ಆಮೇಲೆ ಮಕ್ಕಳಿಗೆ ಬಂಡೆ ತೋರಿಸಿ ಕತೆ ಹೇಳಿದ. ಅವನಿಗೆ ಸ್ವಂತ ನೆನಪು ಒಂದೂ ಇರಲಿಲ್ಲ, ಊರು ಹೇಳಿದ್ದೇ ನೆನಪಾಗಿತ್ತು.

"ನಮ್ಮಪ್ಪ ನಂಗೋಸ್ಕರ ಪ್ರಾಣ ಕೊಡಕ್ಕೆ ನಿಂತಿದ್ದ ಅಕ್ಕ," ಎಂದು ನನ್ನ ಕಡೆ ತಿರುಗಿದ, ಕಣ್ಣು ತುಂಬಿತ್ತು. "ಅಂತೋನ ಒಟ್ಟೇಲಿ ಉಟ್ಟಿ ನಾನ್ಯಾವ ಮೊಕ ಇಟ್ಕಂಡು ಮಕ್ಳಿಗೆ ಒಡೀಲಿ?"

ನಿಜ ಹೇಳಿದರೆ ಆ ಮಕ್ಕಳ ಅಪ್ಪನನ್ನು ನಾನೇ ಕಿತ್ತುಕೊಂಡ ಹಾಗಾಗುತ್ತಿತ್ತು. ಅವನು ಅವ್ವನ ಪಕ್ಕದಲ್ಲಿ ಕೂತು, ಬಹಳ ವರ್ಷದಿಂದ ಕೇಳಬೇಕೆಂದಿದ್ದನ್ನು ಕೇಳುವವನ ಹಾಗೆ, ಮೆಲ್ಲಗೆ ಕೇಳಿದ.

"ಬೇಜಾರ್ ಮಾಡ್ಕಬ್ಯಾಡ ಕಣವ್ವ. ನೀನು ಒಳಗಿದ್ದೆ. ಅಪ್ಪಂಗೂ ಒಸಿ ಜಾಗ ಮಾಡ್ಬೋದಿತ್ತಲ್ವಾ?"

ಅವ್ವ ಮೊಮ್ಮಗನ ಬಾಯಿ ಒರೆಸುತ್ತಿದ್ದಳು. ಒರೆಸಿ ಮುಗಿಸಿದಳು.

"ಮಾಡ್ಬೋದಿತ್ತು ಕಣಪ್ಪ," ಅಂದಳು.